ಪೊಟ್ಟಣದಾಚೆಯ ರುಚಿ



1958ನೇ ಇಸವಿ. ಜಪಾನಿನ ಒಸಾಕಾ ಬಳಿಯ ಇಕೆಡಾ ಊರು. ಮನೆಯ ಹಿತ್ತಲಿನ ಪುಟ್ಟ ಗುಡಿಸಲಿನಲ್ಲಿ ಮೊಮೊಫುಕು ಆಂಡೊ ನೂಡಲ್ಸನ್ನು ಎಣ್ಣೆಯಲ್ಲಿ ಕರಿದರು. ಒಳಗಿನ ನೀರು ಆವಿಯಾಯಿತು, ಸಣ್ಣ ಸಣ್ಣ ರಂಧ್ರಗಳು ಉಳಿದವು. ಬಿಸಿನೀರು ಸುರಿದರೆ ಆ ರಂಧ್ರಗಳ ಮೂಲಕ ನೀರು ಒಳಗಿಳಿದು ನೂಡಲ್ಸ್ ಮೆತ್ತಗಾಗುತ್ತದೆ. ದಿಢೀರ್ ರಾಮೆನ್ ಹುಟ್ಟಿದ್ದು ಹೀಗೆ.

ಅಡುಗೆಯ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಮಂದಿಯ ಕೈ ಸುಮ್ಮನಿರಲಿಲ್ಲ. ಜಪಾನಿನಲ್ಲಿ ಅದರ ಮೇಲೆ ಮೊಟ್ಟೆ ಒಡೆದು ಹಾಕಿದರು. ಕೊರಿಯಾದಲ್ಲಿ ಕಿಮ್ಚಿ ಎಂಬ ಹುದುಗಿಸಿದ ತರಕಾರಿಯ ಜೊತೆ ಕುದಿಸಿದರು. ನಮ್ಮಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರು. ಕ್ಯಾರೆಟ್, ಬಟಾಣಿ ಸೇರಿಸಿ, ಕೊನೆಗೆ ನಿಂಬೆಹಣ್ಣು ಹಿಂಡಿದರು. ಪೊಟ್ಟಣದ ಮಸಾಲೆ ಪುಡಿಯಲ್ಲಿ ಉಪ್ಪು ಜಾಸ್ತಿ ಎಂದು ಅರ್ಧ ಮಾತ್ರ ಹಾಕಿ, ಉಳಿದ ರುಚಿಯನ್ನು ಶುಂಠಿ, ಕಾಳುಮೆಣಸಿನಿಂದ ತರುವ ಜಾಣರೂ ಇದ್ದಾರೆ.

ಪೊಟ್ಟಣ ಎಲ್ಲರಿಗೂ ಒಂದೇ. ಸೇರಿಸುವ ರುಚಿ ಮಾತ್ರ ಅವರವರದು.

ಬದುಕಿನಲ್ಲೂ ಎಷ್ಟೋ ಸಂಗತಿಗಳು ಸಿದ್ಧವಾಗಿಯೇ ಬರುತ್ತವೆ: ಕೆಲಸ, ವೇಳಾಪಟ್ಟಿ, ನಿಯಮ. ಅವನ್ನು ಬದಲಿಸಲು ಆಗದಿರಬಹುದು. ಆದರೆ ಚಿಟಿಕೆ ಸ್ವಂತಿಕೆ ಬೆರೆಸಲು ಯಾರ ಅಪ್ಪಣೆಯೂ ಬೇಕಿಲ್ಲ. ಇವತ್ತು ನಿಮ್ಮ ಪಾಲಿನ ಕೆಲಸದಲ್ಲಿ ಅದನ್ನೊಮ್ಮೆ ಬೆರೆಸಿ ನೋಡಿ.