ಏರುವ ಬಿಸಿಲು, ಮೈಯ ಆರೈಕೆ ಮತ್ತು ಉತ್ತಮ ಶೌಚ

(ದೆಹಲಿಯಲ್ಲಿ ದಶಲಕ್ಷಣ ಪರ್ವದ ಉತ್ತಮ ಶೌಚದ ದಿನ ಮಾಡಿದ ಉಪನ್ಯಾಸ)



ಪರ್ವದ ದಿನ ಕ್ರೀಮು, ಪೌಡರುಗಳ ಮಾತೇಕೆಂದು ತಾವು ಕೇಳಬಹುದು. ಶೌಚವೆಂದರೆ ಮೈ ತೊಳೆಯುವುದಷ್ಟೇ ಅಲ್ಲ, ಲೋಭವನ್ನು ತೊಳೆಯುವುದು. ಏರುತ್ತಿರುವ ತಾಪವು ಇವೆರಡನ್ನೂ ನಮ್ಮ ಸ್ನಾನಗೃಹದ ಕಪಾಟಿನಲ್ಲಿ ತಂದು ನಿಲ್ಲಿಸಿದೆ.

2024ರ ಮೇ 29ರಂದು ಇಲ್ಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ 46.8 ಡಿಗ್ರಿ ಉಷ್ಣತೆ ದಾಖಲಾಯಿತು. ಊರಿನಲ್ಲಿ ಕಡಲೆಹಿಟ್ಟು, ಕೊಬ್ಬರಿ ಎಣ್ಣೆಗಳಲ್ಲಿ ಮುಗಿಯುತ್ತಿದ್ದ ಆರೈಕೆಗೆ ನೊಯಿಡಾ, ಗುರುಗ್ರಾಮಗಳಲ್ಲಿ ಸನ್‌ಸ್ಕ್ರೀನ್, ಸೀರಮ್, ಜೆಲ್‌ಗಳು ಸೇರಿಕೊಂಡಿವೆ. ಸನ್‌ಸ್ಕ್ರೀನ್ ನಿಷ್ಪ್ರಯೋಜಕವಲ್ಲ, ಅದು ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಆದರೆ ತಾಪವನ್ನು ತಡೆಯದು. ಬೆವರಿನೊಡನೆ ಇಳಿದುಹೋಗುವುದರಿಂದ ಹೊರಗಿದ್ದಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸೆಕೆಯಲ್ಲಿ ದಪ್ಪ ಕ್ರೀಮು ಬೆವರಿನ ರಂಧ್ರಗಳನ್ನು ಮುಚ್ಚಿ ಬೆವರುಸಾಲೆ ತರಬಹುದು. ನೆರಳು, ನೀರು, ತೆಳುವಾದ ಹತ್ತಿಬಟ್ಟೆಗಳೇ ಮೊದಲ ರಕ್ಷಣೆ.

ಅಹಿಂಸೆಯ ಪ್ರಶ್ನೆಯೂ ಇದೆ. ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲೆ ನಡೆಸುವ ಪರೀಕ್ಷೆಯನ್ನು ಭಾರತವು 2014ರಲ್ಲಿ ನಿಷೇಧಿಸಿತು. ಪ್ರಾಣಿಜನ್ಯ ಪದಾರ್ಥಗಳ ಬಳಕೆ ನಿಂತಿಲ್ಲ. ತುಟಿರಂಗಿನ ಕಾರ್ಮೈನ್ ಬರುವುದು ಕೀಟಗಳಿಂದ. ಸ್ಕ್ವಾಲೀನ್ ಆಲಿವ್‌ನಿಂದಲೂ ಬರುತ್ತದೆ, ಶಾರ್ಕ್ ಮೀನಿನ ಪಿತ್ತಜನಕಾಂಗದಿಂದಲೂ ಬರುತ್ತದೆ. ಕಂದಮೂಲವನ್ನು ತ್ಯಜಿಸುವ ನಾವು ಸೀಸೆಯ ಚೀಟಿಯನ್ನು ಓದದಿರುವುದು ಸರಿಯೇ?

ಲೆಕ್ಕಪರಿಶೋಧಕನಾಗಿ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಟಾಲ್ಕಮ್ ಪೌಡರು, ಮುಖದ ಪೌಡರುಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಸನ್‌ಸ್ಕ್ರೀನ್ ಶೇ. 18ರಲ್ಲೇ ಉಳಿಯಿತು. ಅಲಂಕಾರಕ್ಕೆ ರಿಯಾಯಿತಿ, ರಕ್ಷಣೆಗೆ ಭಾರ! ಬಿಸಿಲಿನಲ್ಲಿ ದುಡಿಯುವವರನ್ನು ನೆನೆದು ಸರ್ಕಾರವು ಇದನ್ನು ತಿದ್ದಬೇಕು.

ಸರ್ಕಾರವನ್ನು ಪ್ರಶ್ನಿಸುವ ಮುನ್ನ ನಾನು ನನ್ನ ಕಪಾಟನ್ನೇ ಎಣಿಸಿದೆ. ಹದಿನಾಲ್ಕು ಸೀಸೆಗಳಿದ್ದವು, ಒಂಬತ್ತು ಅರ್ಧಕ್ಕೆ ಬಿಟ್ಟವು. ಅದೇ ಮೇ ತಿಂಗಳಲ್ಲಿ ನಮ್ಮ ವಸತಿ ಸಮುಚ್ಚಯದ ಕಾವಲುಗಾರ ತಲೆಗೆ ಒದ್ದೆ ಟವೆಲು ಹಾಕಿಕೊಂಡು ತಗಡಿನ ಕೆಳಗೆ ನಿಂತಿದ್ದ. ಅವನಿಗೊಂದು ಫ್ಯಾನು ಬೇಕೆಂಬುದು ನನಗೆ ಹೊಳೆದಿರಲಿಲ್ಲ. ಲೋಭವೆಂದರೆ ಇದೇ ಎಂದು ಅಂದು ಅರಿತೆ.

ಅಸ್ನಾನವನ್ನು ಮೂಲಗುಣವಾಗಿ ಪಾಲಿಸುವ ಮುನಿಗಳ ಮಾರ್ಗ ಗೃಹಸ್ಥರಾದ ನಮಗೆ ದೂರ. ನಮಗೆ ವಿಧಿಸಿರುವುದು ಭೋಗೋಪಭೋಗ ಪರಿಮಾಣ. ಈ ಪರ್ವದಲ್ಲಿ ಪ್ರತಿ ಕುಟುಂಬವೂ ಕಪಾಟಿಗೊಂದು ಮಿತಿಯನ್ನು ಹಾಕಿಕೊಳ್ಳಲಿ. ಉಳಿದ ಹಣವು ನಮ್ಮ ಗೇಟಿನಲ್ಲಿ ನೆರಳಾಗಲಿ, ತಣ್ಣೀರಾಗಲಿ.

ಜೈ ಜಿನೇಂದ್ರ.