ಬೀದಿನಾಯಿಯ ಕಥೆ, ಮಕ್ಕಳ ಕಣ್ಣೀರು



ಮನುಷ್ಯನಿಗೆ ತೀರಾ ಕಷ್ಟ ಬಂದಾಗ ‘ನಾಯಿಪಾಡು’ ಎನ್ನುತ್ತೇವೆ. ನಾಯಿಯ ಪಾಡನ್ನು ಕಣ್ಣಾರೆ ಕಂಡವರೇ ಈ ಮಾತನ್ನು ಮೊದಲು ಆಡಿರಬೇಕು. ಬಳಸಿ ಬಳಸಿ ಮಾತು ಮನುಷ್ಯನ ಪಾಲಾಯಿತು. ನಾಯಿ ಮಾತ್ರ ಬೀದಿಯಲ್ಲೇ ಉಳಿಯಿತು. ಆ ನಾಯಿಯನ್ನು ಮತ್ತೆ ನಮ್ಮ ಕಣ್ಣ ಮುಂದೆ ತಂದು ನಿಲ್ಲಿಸುವ ಕೆಲಸವನ್ನು ಕೆಲವು ಅನಿಮೇಷನ್ ಚಿತ್ರಗಳು ಮಾಡಿವೆ. ಅವು ಮಕ್ಕಳೂ ನೋಡುವ ಚಿತ್ರಗಳು. ಆದರೂ ದುಃಖದ ಕಥೆಗಳು. ಮಕ್ಕಳಿಗೆ ಇಂಥ ದುಃಖ ಬೇಕೆ? ಬೇಕಾದರೆ ಏತಕ್ಕೆ? ಇಂದಿನ ನಮ್ಮ ವಿಚಾರ ಇದು.

1990ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಜಂಗಲ್ ಬುಕ್’ ಸರಣಿಯನ್ನು ನಿಮ್ಮ ತಂದೆತಾಯಿಯರು ಇನ್ನೂ ನೆನೆಯುತ್ತಾರೆ. ಅದನ್ನು ತಯಾರಿಸಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ. ಇದೇ ಸಂಸ್ಥೆಯ ಹೆಸರಿನಲ್ಲಿ 1975ರಲ್ಲಿ ‘ಫ್ಲಾಂಡರ್ಸಿನ ನಾಯಿ’ ಎಂಬ ಸರಣಿ ಬಂದಿತ್ತು. ಅದಕ್ಕೆ ಆಧಾರ ವೀಡಾ ಎಂಬ ಇಂಗ್ಲಿಷ್ ಲೇಖಕಿ 1872ರಲ್ಲಿ ಪ್ರಕಟಿಸಿದ ಕಥೆ. ಗಾಡಿ ಎಳೆಸಿ, ಹೊಡೆದು, ಇನ್ನು ಕೆಲಸಕ್ಕೆ ಬಾರದೆಂದು ಯಜಮಾನ ದಾರಿಯಲ್ಲಿ ಬಿಟ್ಟುಹೋದ ಪತ್ರಾಶ್ ಎಂಬ ನಾಯಿಯನ್ನು ಒಬ್ಬ ಬಡ ಮುದುಕ ಮತ್ತು ಅವನ ಮೊಮ್ಮಗ ನೆಲ್ಲೋ ಬದುಕಿಸಿಕೊಳ್ಳುತ್ತಾರೆ. ಕೊನೆಗೆ ಆಂಟ್‌ವರ್ಪ್ ನಗರದ ದೊಡ್ಡ ಚರ್ಚಿನಲ್ಲಿ, ರೂಬೆನ್ಸನ ವರ್ಣಚಿತ್ರದ ಎದುರು, ಹುಡುಗ ಮತ್ತು ನಾಯಿ ಇಬ್ಬರೂ ಚಳಿಗೆ ಪ್ರಾಣ ಬಿಡುತ್ತಾರೆ.

1982ರಲ್ಲಿ ಸೋವಿಯತ್ ನಿರ್ದೇಶಕ ಎಡ್ವರ್ಡ್ ನಜಾರೊವ್ ‘ಒಂದಾನೊಂದು ಕಾಲದಲ್ಲಿ ಒಂದು ನಾಯಿ ಇತ್ತು’ ಎಂಬ ಹತ್ತು ನಿಮಿಷದ ಚಿತ್ರ ಮಾಡಿದರು. ಉಕ್ರೇನಿನ ಜಾನಪದ ಕಥೆ ಅದು. ಕಳ್ಳನನ್ನು ತಡೆಯಲಾರದಷ್ಟು ಮುದಿಯಾಯಿತೆಂದು ಮನೆಯವರು ನಾಯಿಯನ್ನು ಓಡಿಸುತ್ತಾರೆ. ಅದಕ್ಕೆ ನೆರವಾಗುವುದು ಒಂದು ತೋಳ. 2019ರಲ್ಲಿ ರುಮೇನಿಯಾದ ಆಂಕಾ ದಾಮಿಯಾನ್ ‘ಮರೋನಾ’ ಎಂಬ ನಾಯಿಯ ಕಥೆ ಹೇಳಿದರು. ಕಾರಿಗೆ ಸಿಕ್ಕಿ ಸಾಯುತ್ತಿರುವ ನಾಯಿ ತನ್ನ ಬದುಕನ್ನು ನೆನೆಯುವುದೇ ಅಲ್ಲಿನ ಕಥೆ. ಒಂಬತ್ತು ಮರಿಗಳಲ್ಲಿ ಕೊನೆಯದಾದ್ದರಿಂದ ಮೊದಲು ಅದರ ಹೆಸರು ‘ಒಂಬತ್ತು’. ಆಮೇಲೆ ಸಾಕಿದವರೊಬ್ಬೊಬ್ಬರೂ ಒಂದೊಂದು ಹೆಸರಿಡುತ್ತಾರೆ. ಕೊನೆಯದಾಗಿ ಸೊಲಾಂಜ್ ಎಂಬ ಪುಟ್ಟ ಹುಡುಗಿ ಅದನ್ನು ಮನೆಗೆ ತರುತ್ತಾಳೆ. ದೊಡ್ಡವಳಾಗುತ್ತ ಅವಳಿಗೂ ನಾಯಿಯ ಮೇಲಿನ ಗಮನ ಕಡಿಮೆಯಾಗುತ್ತದೆ. ಅದೇ ವರ್ಷ ತೆರೆಕಂಡ ಕೊರಿಯಾದ ‘ಅಂಡರ್‌ಡಾಗ್’ ಚಿತ್ರದಲ್ಲಿ ಮನೆಯ ನಾಯಿಯೊಂದನ್ನು ಕಾರಿನಲ್ಲಿ ಕರೆದೊಯ್ದು ಕಾಡಿನಲ್ಲಿ ಬಿಡುತ್ತಾರೆ. ಅದು ಇತರ ಬಿಡಾಡಿ ನಾಯಿಗಳೊಡನೆ ಮನುಷ್ಯರೇ ಇಲ್ಲದ ನಾಡನ್ನು ಹುಡುಕುತ್ತ ಹೊರಡುತ್ತದೆ. ಆ ನಾಡು ಯಾವುದು ಗೊತ್ತೆ? ಎರಡು ಕೊರಿಯಾಗಳ ನಡುವಿನ, ಜನ ಕಾಲಿಡದ ಗಡಿಪಟ್ಟಿ!

ಈ ನಾಲ್ಕು ಚಿತ್ರಗಳು ನಾಲ್ಕು ದೇಶಗಳಿಂದ ಬಂದವು. ಆದರೂ ನಾಲ್ಕರಲ್ಲಿಯೂ ದುಃಖದ ಮೂಲ ಒಂದೇ. ನಾಯಿ ಬೀದಿಗೆ ತಾನಾಗಿ ಬರಲಿಲ್ಲ. ಅದನ್ನು ಬೀದಿಗೆ ಬಿಟ್ಟವರು, ಇಲ್ಲವೇ ಮರೆತವರು ಇದ್ದರು. ಬಿಟ್ಟವರೂ ರಾಕ್ಷಸರಲ್ಲ. ಮನೆ ಬದಲಿಸಿದವರು, ಬೇಸರ ಬಂದವರು, ಸಾಕಲು ಕೈಸಾಗದವರು, ನಮ್ಮ ನಿಮ್ಮಂಥವರೇ. ಬೀದಿನಾಯಿ ಎಂಬುದು ಬೇರೊಂದು ಜಾತಿಯ ಪ್ರಾಣಿಯಲ್ಲ. ಅದು ಯಾರದೋ ಮನೆಯ ನಾಯಿ, ಅಥವಾ ಅಂಥ ನಾಯಿಯ ಮಕ್ಕಳು ಮೊಮ್ಮಕ್ಕಳು.

ಈ ಮಾತನ್ನು ಹೇಳಲು ಚಿತ್ರ ಬರೆಯುವುದೇ ಏಕೆ? ನಿಜವಾದ ನಾಯಿಯನ್ನಿಟ್ಟು ಚಿತ್ರ ತೆಗೆಯಬಹುದು. 2022ರಲ್ಲಿ ಬಂದ ನಮ್ಮ ಕನ್ನಡದ ‘777 ಚಾರ್ಲಿ’ ಹಾಗೆ ತೆಗೆದದ್ದೇ. ನೋಡಿದವರು ಅತ್ತದ್ದೂ ಉಂಟು. ಆದರೆ ಕುಂಚಕ್ಕೆ ಇನ್ನೊಂದು ಅನುಕೂಲವಿದೆ. ಅದು ನಾಯಿಯ ಕಣ್ಣಿನಿಂದ ಜಗತ್ತನ್ನು ತೋರಿಸಬಲ್ಲದು. ಮರೋನಾ ಪ್ರೀತಿಸಿದ ದೊಂಬರಾಟದವನ ಮೈ ಆ ಚಿತ್ರದಲ್ಲಿ ಗೆರೆಗೆರೆಯಾಗಿ ಹರಿಯುತ್ತದೆ. ನಾಯಿಗೆ ಅವನು ಕಂಡದ್ದೇ ಹಾಗೆ. ಒಂದೂವರೆ ಗಂಟೆ ನಾವು ನೆಲದಿಂದ ಒಂದಡಿ ಎತ್ತರದಲ್ಲಿ ಬದುಕುತ್ತೇವೆ.

ಇನ್ನು, ಮಕ್ಕಳಿಗೆ ದುಃಖ ಬೇಡ ಎನ್ನುವವರಿಗೆ ನಮ್ಮ ನಾಡೇ ಉತ್ತರ ಕೊಟ್ಟಿದೆ. ಪುಣ್ಯಕೋಟಿಯ ಹಾಡು ಕೇಳಿ ಕಣ್ಣೊರೆಸಿಕೊಳ್ಳದ ಕನ್ನಡದ ಮಗು ಅಪರೂಪ. ಮಹಾಭಾರತದ ಆದಿಪರ್ವದಲ್ಲಿ ಸರಮೆ ಎಂಬ ದೇವಲೋಕದ ನಾಯಿಯ ಕಥೆ ಇದೆ. ಜನಮೇಜಯನ ಯಾಗದ ಬಳಿ ಸುಳಿದ ಅದರ ಮರಿಯನ್ನು ರಾಜನ ತಮ್ಮಂದಿರು ಹೊಡೆದರು. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಅದರತ್ತ ನೋಡಿಯೂ ಇರಲಿಲ್ಲ. ತಪ್ಪು ಮಾಡದವನನ್ನು ಏಕೆ ಹೊಡೆದಿರಿ ಎಂದು ತಾಯಿ ಬಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಸರಮೆಯ ಶಾಪದಿಂದ ರಾಜನೇ ಕಂಗೆಟ್ಟ. ಇನ್ನು ಇತಿಹಾಸಕ್ಕೆ ಬಂದರೆ, ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವಿದೆ, ಕ್ರಿ.ಶ. 949–50ರ ಕಾಲದ್ದು. ಮಣಲೇರ ಎಂಬ ವೀರನ ‘ಕಾಳಿ’ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟರು. ಸಾವಿರ ವರ್ಷದ ಹಿಂದೆಯೇ ಕನ್ನಡಿಗರು ನಾಯಿಗಾಗಿ ಶೋಕಿಸಿದ್ದರು. ಶೋಕಿಸಿ ಸುಮ್ಮನಾಗಲಿಲ್ಲ, ಒಂದು ಕೆಲಸ ಮಾಡಿದರು. ಈ ಕೊನೆಯ ಮಾತು ಮುಖ್ಯ.

ಏಕೆಂದರೆ ಕಣ್ಣೀರಿಗೊಂದು ಅಪಾಯವಿದೆ. ಅತ್ತುಬಿಟ್ಟರೆ ಮನಸ್ಸು ಹಗುರವಾಗುತ್ತದೆ, ನಮ್ಮ ಪಾಲಿನ ಕೆಲಸ ಮುಗಿಯಿತೆನಿಸುತ್ತದೆ. ಶಿರಾ ತಾಲ್ಲೂಕಿನ ಮದಲೂರನ್ನೇ ತೆಗೆದುಕೊಳ್ಳಿ. ದೊಡ್ಡ ಕೆರೆಗೆ ಹೆಸರಾದ ಊರು. ಹೇಮಾವತಿಯ ನೀರು ಈ ಕೆರೆಗೆ ಹರಿಯಲೆಂದು ಜನ ವರ್ಷಗಟ್ಟಲೆ ಕಾದರು. ಶಿರಾ, ಮಧುಗಿರಿ, ಪಾವಗಡದ ಈ ಸೀಮೆ ರಾಗಿ, ಕಡಲೆಕಾಯಿ, ಕುರಿಗಳ ಸೀಮೆ. ಇಲ್ಲಿ ನಾಯಿ ಅಲಂಕಾರದ ಪ್ರಾಣಿಯಲ್ಲ. ಹಟ್ಟಿ ಕಾಯುತ್ತದೆ, ಹೊಲ ಕಾಯುತ್ತದೆ, ರಾತ್ರಿ ಕುರಿಯ ರೊಪ್ಪ ಕಾಯುತ್ತದೆ. ಅದೇ ನಾಯಿ ಮರಿ ಹಾಕಿದಾಗ? ಗಂಡು ಮರಿಯನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣು ಮರಿಗಳನ್ನು ಚೀಲದಲ್ಲಿ ತುಂಬಿ ಊರಾಚೆ ಬಿಟ್ಟು ಬರುವುದು ನಮ್ಮ ನಾಡಿನ ಹಳ್ಳಿಗಳಲ್ಲಿ ಹೊಸ ಸಂಗತಿಯೇನಲ್ಲ. ಅವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಉಳಿದವು ವರ್ಷ ತುಂಬುವುದರೊಳಗೆ ತಾವೇ ತಾಯಾಗುತ್ತವೆ. ನಾಯಿಯ ಗರ್ಭಾವಧಿ ಸುಮಾರು 63 ದಿನ ಮಾತ್ರ. ಮೊಬೈಲ್ ಪರದೆಯ ಮೇಲೆ ಮರೋನಾಳಿಗಾಗಿ ಅಳುವ ಮನೆಯ ಹಿತ್ತಿಲಲ್ಲೇ ಆ ಚೀಲ ಸಿದ್ಧವಾಗುತ್ತಿರಬಹುದು. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನೂ ನೆನಪಿಡಿ.

ಇನ್ನೊಂದು ಎಚ್ಚರವೂ ಬೇಕು. ಚಿತ್ರದ ನಾಯಿ ಮಾತನಾಡುತ್ತದೆ. ಬೀದಿಯ ನಾಯಿ ಮಾತನಾಡುವುದಿಲ್ಲ. ಚಿತ್ರದ ನಾಯಿ ಕಚ್ಚಿದರೂ ರೋಗ ಬರುವುದಿಲ್ಲ; ಬೀದಿಯಲ್ಲಿ ಹಾಗಲ್ಲ. ರೇಬೀಸ್ ಮನುಷ್ಯರಿಗೆ ಬರುವುದು ಬಹುಪಾಲು ನಾಯಿಯಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇಕಡಾ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಬಹಳ ದುರ್ಲಭ. ಆದರೆ ಕಚ್ಚಿದೊಡನೆ ಮಾಡುವ ಚಿಕಿತ್ಸೆಯಿಂದ ತಡೆಯಬಹುದು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ತನ್ನ ಲಸಿಕೆಯಿಂದ ಉಳಿಸಿದ್ದು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನನ್ನು. ಆದ್ದರಿಂದ ಮರಿಗಳಿರುವ ತಾಯಿನಾಯಿಯ ಹತ್ತಿರ, ಉಣ್ಣುತ್ತಿರುವ ನಾಯಿಯ ಹತ್ತಿರ ಹೋಗಬೇಡಿ. ನಾಯಿ ಮೇಲೆ ಬಂದರೆ ಓಡಬೇಡಿ, ಅಲುಗದೆ ನಿಲ್ಲಿ. ಕಚ್ಚಿದರೆ ಸುಣ್ಣ, ಖಾರದ ಪುಡಿ ಹಚ್ಚದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಹೇಳಿದಷ್ಟು ಚುಚ್ಚುಮದ್ದನ್ನೂ ತಪ್ಪದೆ ಹಾಕಿಸಿಕೊಳ್ಳಿ. ಹೆದರಿ ಮನೆಯಲ್ಲಿ ಮುಚ್ಚಿಡಬೇಡಿ.

ಹಾಗಾದರೆ ನಾಯಿಯ ಮೇಲೆ ಕರುಣೆಯೋ, ಮಕ್ಕಳ ರಕ್ಷಣೆಯೋ? ಇವು ಎರಡು ಪಕ್ಷಗಳೆಂದು ತಿಳಿದು ಜಗಳವಾಡುವವರುಂಟು. ವಾಸ್ತವದಲ್ಲಿ ಎರಡಕ್ಕೂ ದಾರಿ ಒಂದೇ. ಲಸಿಕೆ ಹಾಕಿಸಿದ ನಾಯಿ ತಾನೂ ಉಳಿಯುತ್ತದೆ, ಊರಿನ ಮಗುವನ್ನೂ ಉಳಿಸುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿಯ ಮರಿಗಳು ಚೀಲ ಸೇರುವ ಪ್ರಮೇಯವೇ ಇಲ್ಲ. 2001ರಲ್ಲಿ ಮೊದಲು ಬಂದು 2023ರಲ್ಲಿ ಹೊಸದಾಗಿ ರೂಪುಗೊಂಡ ಕೇಂದ್ರ ಸರ್ಕಾರದ ನಿಯಮಗಳು ಬೀದಿನಾಯಿಗಳಿಗೆ ಇವೆರಡನ್ನೂ ಮಾಡಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಬಹುದು. ನಿಮ್ಮ ಮನೆಯ ನಾಯಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ಯುವುದಕ್ಕಂತೂ ಯಾವ ಸಭೆಯೂ ಬೇಡ.

ಮಿತ್ರರೇ, ಇಂಥ ಚಿತ್ರಗಳನ್ನು ನೋಡಿ, ಅಳು ಬಂದರೆ ನಾಚದೆ ಅಳಿ. ಚಿಕ್ಕ ತಮ್ಮ ತಂಗಿಯರು ಅತ್ತರೆ ‘ಅದು ಬರೀ ಬೊಂಬೆ’ ಎಂದು ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂತು ಮಾತನಾಡಿ. ಆಮೇಲೆ ಎದ್ದು ಹಿತ್ತಿಲ ಬಾಗಿಲು ತೆರೆದು ನೋಡಿ. ಅಲ್ಲಿ ಚೀಲ ಹಿಡಿದು ಹೊರಟವರು ನಿಮ್ಮ ಅಜ್ಜನೋ ಅಣ್ಣನೋ ಆಗಿದ್ದರೆ, ‘ಬೇಡ, ಬೇರೆ ದಾರಿ ಇದೆ’ ಎಂದು ಹೇಳುವ ಧೈರ್ಯ ನಿಮಗೆ ಬರಲಿ. ಚಿತ್ರ ಮಾಡಿದವರ ಶ್ರಮ ಸಾರ್ಥಕವಾಗುವುದು ಆಗ.