ಬೆಟ್ಟ ಎದ್ದಿದ್ದಲ್ಲ, ಸುತ್ತಲಿನ ನೆಲ ಇಳಿದದ್ದು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ಇದನ್ನ ನೋಡೇ ಇರ್ತೀರಿ. ಹೊಲ, ತೆಂಗಿನ ತೋಟ, ಮತ್ತೆ ಹೊಲ. ರಾಮನಗರ ಹತ್ತಿರವಾಗ್ತಿದ್ದ ಹಾಗೆ ಇದ್ದಕ್ಕಿದ್ದಂತೆ ಬೋಳು ಬಂಡೆಬೆಟ್ಟಗಳು. 1975ರಲ್ಲಿ ಬಂದ 'ಶೋಲೆ' ಸಿನಿಮಾದ ಗಬ್ಬರ್ ಸಿಂಗ್ ಅಡಗಿದ್ದು ಇಲ್ಲೇ.

ಇವು ಹೇಗೆ ಬಂದವು ಅಂತ ಕೇಳಿ ನೋಡಿ. ಕೆಲವರು ಜ್ವಾಲಾಮುಖಿ ಅಂತಾರೆ, ಕೆಲವರು ನೆಲ ಸೀಳಿಕೊಂಡು ಎದ್ದವು ಅಂತಾರೆ. ಎರಡೂ ಅಲ್ಲ. ಸುತ್ತಲಿನ ನೆಲ ಸವೆದು ಕೊಚ್ಚಿಹೋಯಿತು, ಇವು ಉಳಿದುಕೊಂಡವು. ಅಷ್ಟೇ.

ಅಷ್ಟೇ ಅಂದೆ, ಆದರೆ ಇದಕ್ಕೆ ಹಿಡಿದ ಕಾಲ ಸಣ್ಣದಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ, ಕರಗಿದ ಕಲ್ಲು ನಿಧಾನವಾಗಿ ತಣಿದು ಗ್ರಾನೈಟ್ ಆಯಿತು. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದದ ಪಟ್ಟಿ ಇದು. ಭೂವಿಜ್ಞಾನಿಗಳು ಕರೆಯೋದು ಕ್ಲೋಸ್‌ಪೇಟ್ ಗ್ರಾನೈಟ್ ಅಂತ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರೇ ಕ್ಲೋಸ್‌ಪೇಟೆ. ಸಾವನದುರ್ಗದ ಬೆಟ್ಟವೂ ಇದೇ ಪಟ್ಟಿಯದು.

ಹಾಗಾದರೆ ಒಂದೇ ಗ್ರಾನೈಟು ಒಂದು ಕಡೆ ಬೆಟ್ಟ, ಪಕ್ಕದಲ್ಲೇ ಬಯಲು, ಯಾಕೆ? ಉತ್ತರ ಬಿರುಕಿನಲ್ಲಿದೆ. ಕಲ್ಲಿನಲ್ಲಿ ಬಿರುಕು ಒತ್ತೊತ್ತಾಗಿದ್ದಲ್ಲಿ ಮಳೆನೀರು ಇಳಿಯುತ್ತೆ. ಬೆಚ್ಚಗಿನ ಹವೆಯಲ್ಲಿ ಆ ನೀರು ಕಲ್ಲಿನ ಫೆಲ್ಡ್‌ಸ್ಪಾರ್ ಅನ್ನೋ ಖನಿಜವನ್ನ ಜೇಡಿಯಾಗಿಸುತ್ತೆ. ಗಟ್ಟಿ ಕಲ್ಲು ನೆಲದೊಳಗೇ ಕೊಳೆತು ಗರಸಾಗುತ್ತೆ. ಬೋರ್‌ವೆಲ್ ಕೊರೆಸಿದವರಿಗೆ ಇದು ಚೆನ್ನಾಗಿ ಗೊತ್ತು: ಒಂದು ಕಡೆ ಹತ್ತಾರು ಅಡಿ ಸಲೀಸು, ಅಲ್ಲೇ ಪಕ್ಕದಲ್ಲಿ ಕೈಗೆಟುಕೋ ಆಳಕ್ಕೇ ಬಂಡೆ. ಬಿರುಕು ವಿರಳವಾಗಿದ್ದ ಕಡೆ ನೀರಿಗೆ ದಾರಿಯೇ ಸಿಗಲಿಲ್ಲ. ಮುಂದೆ ಗರಸು ತೊಳೆದುಹೋದಾಗ ಆ ಇಡೀ ಬಂಡೆ ಹೊರಬಿತ್ತು. ಸಾವನದುರ್ಗದ ನುಣುಪು ಗುಮ್ಮಟ ಅಂಥದ್ದು. ಹಂಪಿಯಲ್ಲಿ ಬಿರುಕುಗಳು ಅಡ್ಡ ಉದ್ದ ಹಾದಿದ್ದರಿಂದ ಗುಂಡುಕಲ್ಲುಗಳ ರಾಶಿ ಉಳಿಯಿತು.

ಸವೆತ ಈಗಲೂ ನಿಂತಿಲ್ಲ. ಮೇಲಿನ ಭಾರ ಹೋದ ಬಂಡೆ ಸ್ವಲ್ಪ ಉಬ್ಬುತ್ತೆ, ಮೈಗೆ ಸಮಾನಾಂತರವಾಗಿ ಸೀಳು ಬಿಡುತ್ತೆ, ಚಪ್ಪಡಿಗಳಾಗಿ ಜಾರುತ್ತೆ. ನಮ್ಮ ಕಲ್ಲು ಕೆಲಸದವರು ಇದನ್ನ ಪುಸ್ತಕ ಓದಿ ಕಲಿತವರಲ್ಲ. ಬಂಡೆಯ ಮೇಲೆ ಬೆಂಕಿ ಹಾಕಿ, ಅದನ್ನ ನಿಧಾನವಾಗಿ ಮುಂದಕ್ಕೆ ಸರಿಸಿ, ಅಗಲವಾದ ಹಾಳೆಗಳನ್ನೇ ಎಬ್ಬಿಸ್ತಿದ್ದರು. ಹಳೇ ಮೈಸೂರಿನ ಎಷ್ಟೋ ಚಪ್ಪಡಿ, ಬೇಲಿಯ ಕಲ್ಲುಕಂಬ ಬಂದದ್ದು ಇಂಥ ಬಂಡೆಗಳಿಂದ. ಕೈಕೆಲಸ ಇದ್ದಾಗ ಬೆಟ್ಟಕ್ಕೆ ಅದೇನೂ ದೊಡ್ಡ ಪೆಟ್ಟಲ್ಲ. ಸಿಡಿಮದ್ದು, ಯಂತ್ರ ಬಂದ ಮೇಲಿನ ಕ್ವಾರಿಯ ಮಾತೇ ಬೇರೆ. ಕೋಟಿಗಟ್ಟಲೆ ವರ್ಷದ ಮಳೆ ಉಳಿಸಿದ್ದನ್ನ ಅದು ಕೆಲವೇ ವರ್ಷದಲ್ಲಿ ಮುಗಿಸುತ್ತೆ.

ಈ ಬೆಟ್ಟಗಳನ್ನ ನೋಡೋಕೆ ಹೋಗೋದಾದರೆ ನೆನಪಿರಲಿ: ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಸಾವನದುರ್ಗ ಹತ್ತೋರು ಮಳೆಗಾಲದಲ್ಲಿ ಹೋಗಬೇಡಿ. ಒದ್ದೆಯಾದ ಬಂಡೆ ತುಂಬಾ ಜಾರುತ್ತೆ.